ಮನೆಗಿಂತ ಕಿರಿಯ ತಂತಿ: ಬೀದರ್, ಭಾಲ್ಕಿ, ಔರಾದ್‌ಗಳ ಹಳೆಯ ಮನೆಗಳ ವೈರಿಂಗ್ ಇತಿಹಾಸ

ಬೀದರ್ ನಗರದ ಚೌಬಾರದ ಸುತ್ತಲಿನ ಓಣಿಗಳಲ್ಲಿ, ಭಾಲ್ಕಿಯ ವಾಡೆಗಳಲ್ಲಿ ಮತ್ತು ಔರಾದ್ ತಾಲ್ಲೂಕಿನ ಊರುಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಅನೇಕ ಹಳೆಯ ಮನೆಗಳು ಎಣ್ಣೆದೀಪದ ಕಾಲಕ್ಕೆ ಕಟ್ಟಿದವು. ಗೋಡೆ ಎದ್ದು, ಮಾಳಿಗೆ ಮುಚ್ಚಿ, ಒಂದೆರಡು ತಲೆಮಾರು ಬದುಕಿ ಹೋದ ಮೇಲೆಯೇ ವಿದ್ಯುತ್ತು ಅವುಗಳೊಳಗೆ ಬಂದಿತು. ಹೀಗೆ ತಡವಾಗಿ ಬಂದ ತಂತಿಗೆ ಮನೆಯಲ್ಲಿ ಮೊದಲೇ ಗೊತ್ತುಮಾಡಿದ ದಾರಿ ಇರಲಿಲ್ಲವಾದ್ದರಿಂದ ಅದು ಕಂಡಲ್ಲಿ ದಾರಿ ಮಾಡಿಕೊಂಡಿತು, ಮತ್ತು ಪ್ರತಿ ತಲೆಮಾರೂ ತನ್ನ ಅಗತ್ಯಕ್ಕೆ ತಕ್ಕಷ್ಟನ್ನು ಅದಕ್ಕೆ ಕೂಡಿಸಿತೇ ಹೊರತು ಹಿಂದಿನದನ್ನು ಕಿತ್ತು ಹಾಕಲಿಲ್ಲ. ಆದ್ದರಿಂದ ಹಳೆಯ ಮನೆಯ ವೈರಿಂಗ್ ಬದಲಿಸಬೇಕೆ, ಇದ್ದುದನ್ನೇ ಉಳಿಸಿಕೊಳ್ಳಬಹುದೆ ಎಂಬ ಪ್ರಶ್ನೆಗೆ ಮನೆ ಕಟ್ಟಿದ ವರ್ಷ ಉತ್ತರ ಕೊಡಲಾರದು. ಯಾವ ಕಾಲದಲ್ಲಿ ಯಾವ ತಂತಿ ಒಳಬಂತು, ಎಷ್ಟು ಹೊರೆಯನ್ನು ಲೆಕ್ಕ ಹಾಕಿ ಅದನ್ನು ಎಳೆಯಲಾಯಿತು, ಅದರ ಮೇಲೆ ಮುಂದೆ ಏನೇನು ಹೇರಲಾಯಿತು ಎಂಬ ಇತಿಹಾಸವೇ ಆ ಉತ್ತರವನ್ನು ಕೊಡಬೇಕು.

ಈ ಭಾಗದ ಮನೆಯ ಕಟ್ಟಡ ಕ್ರಮವನ್ನು ಮೊದಲು ಗಮನಿಸುವುದು ಅಗತ್ಯ. ಬೀದರ್ ನಗರ ಕೆಂಪುಕಲ್ಲಿನ, ಎಂದರೆ ಕಬ್ಬಿಣದ ಅಂಶ ಹೆಚ್ಚಿರುವ ಲ್ಯಾಟರೈಟ್ ಶಿಲೆಯ, ಪ್ರಸ್ಥಭೂಮಿಯ ಮೇಲೆ ನಿಂತಿದ್ದು, ಕೋಟೆಯಿಂದ ಹಿಡಿದು ಸಾಮಾನ್ಯ ಮನೆಯವರೆಗೆ ಆ ಕಲ್ಲೇ ಗೋಡೆಗೆ ಒದಗಿತು; ಭಾಲ್ಕಿ ಮತ್ತು ಔರಾದ್‌ಗಳ ಕಪ್ಪುಮಣ್ಣಿನ ಬಯಲಿನಲ್ಲಿ ಕರಿಕಲ್ಲು ಮತ್ತು ಮಣ್ಣಿನ ಗೋಡೆಗಳು ಎದ್ದವು. ದಪ್ಪ ಗೋಡೆ, ಮಣ್ಣಿನ ಗಾರೆ, ಮರದ ತೊಲೆ ಮತ್ತು ಜಂತಿಗಳ ಮೇಲೆ ಹರಡಿದ ಮಣ್ಣಿನ ಮೇಲುಮುದ್ದೆ, ಗೋಡೆಯಲ್ಲಿ ದೀಪವಿಡುವ ಮಾಡ, ಮಾಳಿಗೆಯಲ್ಲಿ ಬೆಳಕಿಂಡಿ, ಇವು ಈ ಮನೆಗಳ ಸಾಮಾನ್ಯ ಲಕ್ಷಣಗಳು. ಚಿಮಣಿ ಮತ್ತು ಕಂದೀಲು ಬೆಳಗಿದ ಈ ಮನೆಗಳಲ್ಲಿ ತಂತಿಯನ್ನು ಗೋಡೆಯೊಳಗೆ ಹುದುಗಿಸುವುದು ಸುಲಭವಿರಲಿಲ್ಲ, ಏಕೆಂದರೆ ಮಣ್ಣಿನ ಗಾರೆಯ ಗೋಡೆಯನ್ನು ಕೊರೆದರೆ ಕಲ್ಲು ಸಡಿಲಾಗುತ್ತದೆ. ಹಾಗಾಗಿ ತಂತಿ ಗೋಡೆಯ ಮೇಲೆ, ಕಣ್ಣಿಗೆ ಕಾಣುವಂತೆ, ತೊಲೆ ಮತ್ತು ಜಂತಿಗಳ ಅಂಚು ಹಿಡಿದು ಸಾಗಿತು. ಹೀಗೆ ಕಣ್ಣೆದುರಿಗೇ ಇದ್ದುದು ಮುಂದೆ ಪರೀಕ್ಷಿಸುವವನಿಗೆ ಅನುಕೂಲವಾಯಿತು. ಆದರೆ ಸೋರುವ ನೀರು, ಗೆದ್ದಲು, ಇಲಿ, ಒಲೆಯ ಹೊಗೆ ಇವೆಲ್ಲಕ್ಕೂ ತಂತಿ ಸುಲಭವಾಗಿ ಸಿಕ್ಕಿದ್ದೂ ಅದೇ ಕಾರಣದಿಂದ.

ವಿದ್ಯುತ್ತಿನ ಆಡಳಿತದ ಇತಿಹಾಸದಲ್ಲಿ ಬೀದರ್ ಮೈಸೂರಿನಿಂದ ಬೇರೆಯೇ ದಾರಿಯಲ್ಲಿ ನಡೆದು ಬಂದಿತು. ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾಗತೊಡಗಿದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೂ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಹರಿದ ಕಾಲಕ್ಕೆ ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದ ಒಂದು ಜಿಲ್ಲೆಯಾಗಿತ್ತು. ಆ ಸಂಸ್ಥಾನದಲ್ಲಿ 1910ರ ಸುಮಾರಿಗೆ ವಿದ್ಯುತ್ ಇಲಾಖೆ ರೂಪುಗೊಂಡು, 1920ರಲ್ಲಿ ಹುಸೇನ್ ಸಾಗರದ ದಡದಲ್ಲಿ ಉಷ್ಣ ವಿದ್ಯುತ್ ಸ್ಥಾವರ ನಿಂತಿತಾದರೂ ಅದರ ಬೆಳಕು ಮುಖ್ಯವಾಗಿ ರಾಜಧಾನಿಗೆ ಮೀಸಲಾಗಿತ್ತು. ಸಂಸ್ಥಾನ 1948ರ ಸೆಪ್ಟೆಂಬರ್‌ನಲ್ಲಿ ಭಾರತದ ಒಕ್ಕೂಟಕ್ಕೆ ಸೇರಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಉದಗೀರ್, ನಿಲಂಗಾ, ಅಹಮದ್‌ಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋಗಿ, ಬೀದರ್, ಭಾಲ್ಕಿ, ಔರಾದ್ ಮೊದಲಾದವು ಮೈಸೂರು ರಾಜ್ಯಕ್ಕೆ ಬಂದವು. ಅದರ ಮರುವರ್ಷ, 1957ರ ಅಕ್ಟೋಬರ್ 1ರಂದು, ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ರಾಜ್ಯಕ್ಕೆ 1973ರಲ್ಲಿ ಕರ್ನಾಟಕವೆಂದು ಹೆಸರಾದ ಮೇಲೆ ಅದೇ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ, ಜನರ ಬಾಯಲ್ಲಿ ಕೆಇಬಿ, ಆಯಿತು. ಮಂಡಳಿಯ ಕೆಲಸ 1999ರಲ್ಲಿ ವಿದ್ಯುತ್ ಪ್ರಸರಣ ನಿಗಮಕ್ಕೂ, 2002ರಲ್ಲಿ ಕಲಬುರಗಿಯನ್ನು ಕೇಂದ್ರವಾಗಿಟ್ಟುಕೊಂಡ ವಿತರಣಾ ಕಂಪನಿ ಜೆಸ್ಕಾಂಗೂ ದಾಟಿತು. ಕಂಬದ ಮೇಲಿನ ಫಲಕ ಹೀಗೆ ಹಲವು ಸಲ ಬದಲಾದರೂ ಕಂಬದಿಂದ ಇಳಿದು ಮನೆಯೊಳಗೆ ಹೋದ ತಂತಿಯನ್ನು ಯಾವ ಬದಲಾವಣೆಯೂ ಮುಟ್ಟಲಿಲ್ಲ.

ಮನೆಯೊಳಗಿನ ತಂತಿಗೆ ತನ್ನದೇ ಕಾಲಕ್ರಮವುಂಟು. ಭಾರತದ ಪಟ್ಟಣಗಳಲ್ಲಿ ಮೊದಲು ಬಳಕೆಗೆ ಬಂದ ಪದ್ಧತಿಗಳಲ್ಲಿ ಒಂದು ಕ್ಲೀಟ್ ವೈರಿಂಗ್. ಇದರಲ್ಲಿ ಎರಡು ತಂತಿಗಳನ್ನು ಪಿಂಗಾಣಿಯ ಗುಬಟುಗಳ ನಡುವೆ ಬಿಗಿದು ಗೋಡೆಯಿಂದ ತುಸು ದೂರ ನಿಲ್ಲಿಸುತ್ತಿದ್ದರು. ಇನ್ನೊಂದು ಕೇಸಿಂಗ್ ಕ್ಯಾಪಿಂಗ್. ಎರಡು ತೋಡುಗಳನ್ನು ಕೊರೆದ ಮರದ ಪಟ್ಟಿಯಲ್ಲಿ ತಂತಿಗಳನ್ನು ಕೂಡಿಸಿ, ಮೇಲೆ ಮರದ ಮುಚ್ಚಳವನ್ನು ತಿರುಪಿನಿಂದ ಬಿಗಿಯುವುದು ಇದರ ಕ್ರಮ. ಮೂರನೆಯದೂ ಬಹುಕಾಲ ಬಾಳಿದ್ದೂ ಬ್ಯಾಟನ್ ವೈರಿಂಗ್. ಇಲ್ಲಿ ಸಾಗುವಾನಿಯ ತೆಳು ಪಟ್ಟಿಯನ್ನು ಗೋಡೆಗೆ ಹೊಡೆದ ಮರದ ಬೆಣೆಗಳಿಗೆ ಬಿಗಿದು, ಅದರ ಮೇಲೆ ತಂತಿಯನ್ನು ತವರದ ಬಣ್ಣದ ಸಣ್ಣ ಕ್ಲಿಪ್ಪುಗಳಿಂದ ಕಟ್ಟಲಾಗುತ್ತಿತ್ತು. ಈ ಮೂರರಲ್ಲೂ ಮೊದಲಿಗೆ ಬಳಸಿದ್ದು, ಎಂದರೆ ವೈರಿಂಗ್‌ನ ಮೊದಲ ಪದರ, ರಬ್ಬರ್ ಹೊದಿಕೆಯ ತಾಮ್ರದ ತಂತಿ. ಗಂಧಕ ಬೆರೆಸಿ ಕಾಯಿಸಿ ಗಟ್ಟಿಮಾಡಿದ ರಬ್ಬರಿನ ಮೇಲೆ ನೂಲಿನ ಹೆಣಿಗೆ, ಕೆಲವು ಕಡೆ ಅದರ ಮೇಲೆ ಮತ್ತೊಂದು ದಪ್ಪ ರಬ್ಬರ್ ಕವಚ, ಇದು ಅದರ ರಚನೆ. ತಾಮ್ರ ನೂರು ವರ್ಷವಾದರೂ ಕೆಡದೆ ಇರಬಹುದು, ಆದರೆ ರಬ್ಬರ್ ಗಾಳಿಯ ಆಮ್ಲಜನಕಕ್ಕೂ ಬಿಸಿಗೂ ಸಿಕ್ಕಿ ಕೆಲವು ದಶಕಗಳಲ್ಲಿ ಒಣಗಿ, ಬಿರುಕು ಬಿಟ್ಟು, ಮುಟ್ಟಿದರೆ ಉದುರುವ ಸ್ಥಿತಿಗೆ ಬರುತ್ತದೆ. ಬಲ್ಬಿನ ಹೋಲ್ಡರಿನ ಹತ್ತಿರ, ಬಿಸಿ ಹೆಚ್ಚಿರುವಲ್ಲಿ, ಈ ಕ್ಷಯ ಎಲ್ಲಕ್ಕಿಂತ ಮೊದಲು ಕಾಣಿಸಿಕೊಳ್ಳುತ್ತದೆ.

ಎರಡನೆಯ ಪದರ ಪಿವಿಸಿ ಹೊದಿಕೆಯದು. ರಬ್ಬರಿನ ಜಾಗಕ್ಕೆ ಬಂದ ಈ ಪ್ಲಾಸ್ಟಿಕ್ ಹೊದಿಕೆ ಒಣಗಿ ಉದುರುವುದಿಲ್ಲವಾದರೂ ಸಾಮಾನ್ಯವಾಗಿ 70 ಡಿಗ್ರಿ ಸೆಲ್ಸಿಯಸ್‌ವರೆಗಿನ ನಿರಂತರ ಬಿಸಿಗೆ ಮಾತ್ರ ತಕ್ಕದ್ದು. ಅದನ್ನು ಮೀರಿದರೆ ಮೆತ್ತಗಾಗಿ, ಕಾಲಕ್ರಮದಲ್ಲಿ ಪೆಡಸಾಗುತ್ತದೆ. ಹೊದಿಕೆಯ ಈ ಬದಲಾವಣೆಯ ಜೊತೆಗೇ ಲೋಹವೂ ಬದಲಾಯಿತು. ತಾಮ್ರಕ್ಕೆ ಆಮದನ್ನೇ ನೆಚ್ಚಿದ್ದ ದೇಶದಲ್ಲಿ ವಿದೇಶಿ ವಿನಿಮಯದ ಕೊರತೆ ಕಾಡಿದ 1960ರ ದಶಕದಿಂದ ಮನೆಯ ವೈರಿಂಗ್‌ಗೂ ಅಲ್ಯೂಮಿನಿಯಂ ತಂತಿ ವ್ಯಾಪಕವಾಗಿ ಬಂದು, 1990ರ ದಶಕದಲ್ಲಿ ತಾಮ್ರ ಮತ್ತೆ ಮೇಲುಗೈ ಪಡೆಯುವ ತನಕ ಉಳಿಯಿತು. ಊರೂರಿಗೆ ವಿದ್ಯುತ್ತು ತಲುಪಿದ ದಶಕಗಳೂ ಇವೇ ಆದ್ದರಿಂದ ಭಾಲ್ಕಿ ಮತ್ತು ಔರಾದ್ ಕಡೆಯ ಹಳೆಯ ಮನೆಗಳನ್ನು ಪರೀಕ್ಷಿಸುವವರು ಮೊದಲು ಹುಡುಕಬೇಕಾದದ್ದು ಈ ಬಿಳಿ ತಂತಿಯನ್ನು. ಅಲ್ಯೂಮಿನಿಯಂ ಅದೇ ಗಾತ್ರದ ತಾಮ್ರಕ್ಕಿಂತ ಸುಮಾರು 1.6 ಪಟ್ಟು ಹೆಚ್ಚು ಪ್ರತಿರೋಧ ಒಡ್ಡುತ್ತದೆ. ಗಾಳಿಗೆ ತೆರೆದುಕೊಂಡ ಕೂಡಲೇ ಅದರ ಮೈಮೇಲೆ ವಿದ್ಯುತ್ತನ್ನು ಬಿಡದ ಆಕ್ಸೈಡ್ ಪೊರೆ ಕಟ್ಟುತ್ತದೆ. ತಿರುಪಿನಡಿಯಲ್ಲಿ ಬಿಗಿದಾಗ ಮೆಲ್ಲಗೆ ಹರಡಿಕೊಂಡು ಹಿಡಿತ ಸಡಿಲಿಸುತ್ತದೆ. ಹೀಗಾಗಿ ತಂತಿಯ ಉದ್ದಕ್ಕಿಂತ ಅದರ ತುದಿಗಳೇ ಅಪಾಯದ ಜಾಗಗಳು. ಅಮೆರಿಕದಲ್ಲಿಯೂ 1965ರಿಂದ ಕೆಲವು ವರ್ಷ ಮನೆಗಳಿಗೆ ಅಲ್ಯೂಮಿನಿಯಂ ಬಳಸಿ, ಜೋಡಣೆಗಳು ಕಾದು ಬೆಂಕಿ ಹತ್ತಿದ ಪ್ರಕರಣಗಳ ನಂತರ ಅದನ್ನು ಕೈಬಿಡಲಾಯಿತು. ದೇಶ ಬೇರೆಯಾದರೂ ಲೋಹದ ಗುಣ ಒಂದೇ.

ಮೂರನೆಯ ಪದರವನ್ನು ತಂದದ್ದು ಸರ್ಕಾರದ ಯೋಜನೆಗಳು. ಗ್ರಾಮೀಣ ವಿದ್ಯುದೀಕರಣ ನಿಗಮ 1969ರಲ್ಲಿ ಸ್ಥಾಪನೆಯಾಗಿ ಊರುಗಳಿಗೆ ಕಂಬ ನೆಡುವ ಕೆಲಸಕ್ಕೆ ಹಣ ಒದಗಿಸತೊಡಗಿತು. ಕರ್ನಾಟಕದಲ್ಲಿ 1979-80ರಿಂದ ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ಒಂದು ದೀಪದ ಸಂಪರ್ಕ ಕೊಟ್ಟಿತು. ಕೇಂದ್ರದ ಕುಟೀರ ಜ್ಯೋತಿ ಅದರ ಬೆನ್ನಿಗೆ ಬಂದಿತು. ಔರಾದ್ ತಾಲ್ಲೂಕಿನ ತಾಂಡಾಗಳಂಥ ನೆಲೆಗಳಲ್ಲಿ, ಕತ್ತಲು ಕಳೆಯುವ ಮಟ್ಟಿಗೆ, ಈ ಒಂದು ದೀಪ ದೊಡ್ಡ ಬದಲಾವಣೆ. ಆದರೆ ವೈರಿಂಗ್ ದೃಷ್ಟಿಯಿಂದ ಅದು ಒಂದು ಬಲ್ಬಿನ ಹೊರೆಗೆ ಮಾತ್ರ ಎಳೆದ ಎರಡು ತಂತಿಗಳ ಸಂಪರ್ಕ. ಮುಂದೆ ಅದೇ ಹೋಲ್ಡರಿಗೆ ಪ್ಲಗ್ ಸಿಕ್ಕಿಸಿ ಟಿವಿ, ಪಂಖಾ, ಇಸ್ತ್ರಿಪೆಟ್ಟಿಗೆ ನಡೆಸಿದಾಗ ತಂತಿ ತನ್ನ ಮೂಲ ಲೆಕ್ಕವನ್ನು ಮೀರಿ ದುಡಿಯಬೇಕಾಯಿತು. ಸರ್ಕಾರದ ದಾಖಲೆಯಲ್ಲಿ ವಿದ್ಯುದೀಕರಣ ಮುಗಿದ ಮನೆಯೆಂದು ಸೇರಿದ ಮನೆ, ವೈರಿಂಗ್‌ನ ಅರ್ಥದಲ್ಲಿ ಇನ್ನೂ ಆರಂಭದ ಹಂತದಲ್ಲೇ ಉಳಿದಿರುವುದು ಸಾಧ್ಯ.

ಹೊರೆಯ ಬೆಳವಣಿಗೆಯನ್ನು ಸರಳ ಲೆಕ್ಕದಿಂದ ಕಾಣಬಹುದು. ನಲವತ್ತು ವ್ಯಾಟ್‌ನ ಐದು ಬಲ್ಬು ಮತ್ತು ಒಂದು ಪಂಖಾ ಒಟ್ಟಾಗಿ 230 ವೋಲ್ಟಿನಲ್ಲಿ ಒಂದೂಕಾಲು ಆಂಪಿಯರ್‌ನಷ್ಟು ಪ್ರವಾಹ ಎಳೆಯುತ್ತವೆ. 2,000 ವ್ಯಾಟ್‌ನ ಗೀಸರ್ ಒಂದೇ ಸುಮಾರು 8.7 ಆಂಪಿಯರ್ ಬೇಡುತ್ತದೆ. ತಂತಿ ಕಾಯುವ ಪ್ರಮಾಣ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಪ್ರವಾಹ ಐದು ಪಟ್ಟಾದರೆ ಬಿಸಿ ಇಪ್ಪತ್ತೈದು ಪಟ್ಟಾಗುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಈ ಜಿಲ್ಲೆಯಲ್ಲಿ ಕೂಲರ್, ಫ್ರಿಜ್ ಮತ್ತು ಬೋರ್‌ವೆಲ್ ಮೋಟಾರು ಒಟ್ಟಿಗೆ ನಡೆಯುವುದು ಮಾಳಿಗೆಯ ಕೆಳಗಿನ ಗಾಳಿಯೂ ಕಾದಿರುವ ಹೊತ್ತಿನಲ್ಲೇ. ತಂತಿಗೆ ತಣ್ಣಗಾಗಲು ಆಗ ಅವಕಾಶ ತೀರ ಕಡಿಮೆ. ದೀಪ ಮತ್ತು ಪಂಖಾಗಳ ಒಂದು ಕವಲಿಗೆ ಹತ್ತು ಪಾಯಿಂಟ್ ಮತ್ತು 800 ವ್ಯಾಟ್ ಮೀರಬಾರದೆಂಬ ಹಳೆಯ ಭಾರತೀಯ ಮಾನಕದ ಕಟ್ಟಳೆಯ ಹಿಂದೆ ಇರುವುದು ಇದೇ ಲೆಕ್ಕ.

ಈ ಬಿಸಿಯನ್ನು ತಡೆಯಬೇಕಾದ ಕಾವಲುಗಾರ ಫ್ಯೂಸ್. ಹಳೆಯ ಮನೆಯ ಮೀಟರಿನ ಬಳಿ ಕಾಣುವ ಪಿಂಗಾಣಿಯ ಕಿಟ್‌ಕ್ಯಾಟ್‌ನಲ್ಲಿ, ನಿಗದಿತ ಪ್ರವಾಹ ಮೀರಿದೊಡನೆ ಕರಗುವ ತೆಳು ತಂತಿಯೊಂದನ್ನು ಕಟ್ಟಿರುತ್ತಾರೆ. ಹೊರೆ ಹೆಚ್ಚಿದಂತೆ ಫ್ಯೂಸ್ ಪದೇ ಪದೇ ಹೋಗತೊಡಗಿದಾಗ ಅದರ ಜಾಗದಲ್ಲಿ ತಾಮ್ರದ ನಾಲ್ಕೆಂಟು ಎಳೆಗಳನ್ನು ಹೊಸೆದು ಕಟ್ಟುವ ರೂಢಿ ಎಲ್ಲೆಡೆ ಬೆಳೆಯಿತು. ಹಾಗೆ ಕಟ್ಟಿದ ಮೇಲೆ ಕರಗಬೇಕಾದದ್ದು ಕರಗದೆ, ಗೋಡೆಯ ಮೇಲಿನ ತಂತಿಯೇ ಫ್ಯೂಸಿನ ಕೆಲಸಕ್ಕೆ ನಿಲ್ಲುತ್ತದೆ. ಹಳೆಯ ಫಲಕಗಳಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎರಡಕ್ಕೂ ಫ್ಯೂಸ್ ಇರುವುದೂ ಉಂಟು. ಫೇಸ್ ಎಂದರೆ ಪ್ರವಾಹ ತರುವ ತಂತಿ, ನ್ಯೂಟ್ರಲ್ ಎಂದರೆ ಪ್ರವಾಹ ಮರಳುವ ತಂತಿ. ನ್ಯೂಟ್ರಲ್‌ನ ಫ್ಯೂಸ್ ಮಾತ್ರ ಹೋದರೆ ದೀಪ ಆರಿದರೂ ಹೋಲ್ಡರಿನಲ್ಲಿ ಜೀವ ಉಳಿದಿರುತ್ತದೆ. ಭೂಮಿಗೆ ಜೋಡಿಸಿದ ನ್ಯೂಟ್ರಲ್‌ನಲ್ಲಿ ಇಂಥ ಫ್ಯೂಸ್ ಇರಬಾರದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳೇ ವಿಧಿಸಿದ್ದವು.

ಭೂಸಂಪರ್ಕದ, ಎಂದರೆ ಅರ್ಥಿಂಗ್‌ನ, ವಿಚಾರದಲ್ಲಿ ಈ ಮೂರು ಊರುಗಳ ನೆಲವೇ ಇತಿಹಾಸದ ಪಾತ್ರಧಾರಿ. ಉಪಕರಣದ ಲೋಹದ ಮೈಗೆ ಅಕಸ್ಮಾತ್ ಹರಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಮೂರನೆಯ ತಂತಿಯೇ ಅರ್ಥಿಂಗ್. ನೆಲದಲ್ಲಿ ಗುಂಡಿ ತೋಡಿ, ಸುಮಾರು ಎರಡೂವರೆ ಮೀಟರ್ ಉದ್ದದ ಸತುವು ಲೇಪಿಸಿದ ಕೊಳವೆಯನ್ನು ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪನ್ನು ತುಂಬುವುದು ಅದರ ರೂಢಿಯ ವಿಧಾನ. ಬೀದರ್‌ನ ಕೆಂಪುಕಲ್ಲು ಮತ್ತು ಮೊರಮು ಒಣಗಿದಾಗ ವಿದ್ಯುತ್ತಿಗೆ ಹೆಚ್ಚು ಪ್ರತಿರೋಧ ಒಡ್ಡುತ್ತವೆ, ಮಳೆಗಾಲದಲ್ಲಿ ಸರಿಯೆನಿಸಿದ ಅರ್ಥಿಂಗ್ ಬೇಸಿಗೆಯಲ್ಲಿ ಹೆಸರಿಗಷ್ಟೇ ಉಳಿಯಬಹುದು. ಭಾಲ್ಕಿ, ಔರಾದ್‌ಗಳ ಕಪ್ಪುಮಣ್ಣು ತೇವವಿದ್ದಾಗ ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ, ಆದರೆ ಬೇಸಿಗೆಯಲ್ಲಿ ಕುಗ್ಗಿ ಬಿರಿದು ಕೊಳವೆಯ ಮೈಯಿಂದ ದೂರ ಸರಿಯುತ್ತದೆ. ಎರಡೂ ನೆಲಗಳಲ್ಲಿ ಪರೀಕ್ಷೆಗೆ ತಕ್ಕ ಕಾಲ ಬೇಸಿಗೆಯ ಕೊನೆ. ಹಿಂದೆ ಕಬ್ಬಿಣದ ನಲ್ಲಿ ಕೊಳವೆಗೇ ಅರ್ಥಿಂಗ್ ತಂತಿ ಸುತ್ತುವ ಪದ್ಧತಿಯೂ ಇತ್ತು. ಆ ಕೊಳವೆಯ ಜಾಗಕ್ಕೆ ಪ್ಲಾಸ್ಟಿಕ್ ಕೊಳವೆ ಬಂದ ದಿನ ಮನೆಯವರಿಗೆ ಅರಿವಿಲ್ಲದೆಯೇ ಅರ್ಥಿಂಗ್ ಕಡಿದುಹೋಯಿತು. ದುಂಡು ರಂಧ್ರದ ಎರಡು ಪಿನ್ನಿನ ಸಾಕೆಟ್ಟುಗಳೇ ತುಂಬಿರುವ ಮನೆಯಲ್ಲಂತೂ ಮೂರನೆಯ ತಂತಿ ಹುಟ್ಟಿಯೇ ಇರುವುದಿಲ್ಲ.

ಕಾಲ ತಂದ ಪೆಟ್ಟುಗಳಲ್ಲಿ ಕೆಲವು ಮೆಲ್ಲನೆಯವು, ಒಂದು ಹಠಾತ್ತನೆಯದು. ಹಬ್ಬಹುಣ್ಣಿಮೆಗೆ ಗೋಡೆಗೆ ಬಳಿಯುವ ಸುಣ್ಣ ತಂತಿ, ಕ್ಲಿಪ್ಪು, ಸ್ವಿಚ್ಚುಗಳ ಮೇಲೂ ಹರಿಯುತ್ತಿತ್ತು. ಹಸಿ ಸುಣ್ಣದ ಕ್ಷಾರ ಅಲ್ಯೂಮಿನಿಯಂ ತುದಿಗಳನ್ನು ತಿನ್ನುವುದಲ್ಲದೆ, ಪದರ ಪದರವಾಗಿ ಕೂತು ಹೊದಿಕೆಯ ಬಿರುಕನ್ನು ಕಣ್ಣಿಂದ ಮರೆಮಾಡುತ್ತದೆ. ಮೇಲುಮುದ್ದೆ ಸೋರಿದಾಗ ನೀರು ತೊಲೆಯ ಗುಂಟ ಇಳಿದು ಮರದ ಪಟ್ಟಿಯನ್ನು ನೆನೆಸಿ, ಸೋರುವ ವಿದ್ಯುತ್ತಿಗೆ ಗೋಡೆಯವರೆಗೆ ದಾರಿ ಮಾಡುತ್ತದೆ. ಹಠಾತ್ತನೆ ಎರಗಿದ್ದು 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪ. ಅದರ ಕೇಂದ್ರ ನೆರೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಬಳಿ ಇತ್ತು. ಮಣ್ಣಿನ ಗಾರೆಯ ಕಲ್ಲುಗೋಡೆಗಳು ಮತ್ತು ಭಾರದ ಮಣ್ಣಿನ ಮಾಳಿಗೆಗಳು ಎಂಥ ಸಾವಿಗೆ ಕಾರಣವಾಗಬಲ್ಲವೆಂಬುದನ್ನು ಅದು ತೋರಿಸಿತು, ಮತ್ತು ಅದೇ ಬಗೆಯ ಮನೆಗಳಿರುವ ಬೀದರ್ ಸೀಮೆಯೂ ಅಂದು ನಡುಗಿತು. ಇಂಥ ನಡುಕದಲ್ಲಿ ಬಿರಿದ ಗೋಡೆಗೆ ಗಾರೆ ತುಂಬಿ ಸರಿಪಡಿಸುವುದು ಸುಲಭ. ಆ ಬಿರುಕನ್ನು ಅಡ್ಡಹಾಯ್ದ ತಂತಿ ಎಳೆತಕ್ಕೆ ಸಿಕ್ಕಿತ್ತೇ ಎಂದು ತೆರೆದು ನೋಡುವುದು ಅಪರೂಪ.

ಇಷ್ಟೆಲ್ಲ ಪದರಗಳು ಕೂಡುತ್ತ ಹೋದಾಗ ನೋಡಿಕೊಳ್ಳಬೇಕಾದವರು ಯಾರು ಎಂಬುದಕ್ಕೆ ಕಾನೂನಿನ ಇತಿಹಾಸದಲ್ಲಿ ಉತ್ತರವಿದೆ. ಬಲ್ಬು, ಫ್ಯೂಸ್, ಸ್ವಿಚ್ಚುಗಳ ಬದಲಾವಣೆಯಂಥ ಸಣ್ಣ ಕೆಲಸ ಬಿಟ್ಟು ಉಳಿದ ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರನೇ ಮಾಡಬೇಕೆಂದೂ, ಸಂಪರ್ಕ ಕೊಡುವ ಮೊದಲು ಸೋರಿಕೆಯ ಪರೀಕ್ಷೆ ನಡೆಯಬೇಕೆಂದೂ, ಐದು ವರ್ಷ ಮೀರದ ಅವಧಿಗೊಮ್ಮೆ ಸಂಪರ್ಕಗಳನ್ನು ಮತ್ತೆ ತಪಾಸಿಸಬೇಕೆಂದೂ 1956ರ ನಿಯಮಗಳು ಹೇಳಿದವು; ಅವುಗಳ ಜಾಗಕ್ಕೆ 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ ಬಂದು, 2023ರಲ್ಲಿ ಅದೂ ಹೊಸದಾಯಿತು. ಆದರೆ ಮೀಟರಿನಿಂದ ಆಚೆಗಿನ ತಂತಿ ಮನೆಯ ಒಡೆಯನದೇ ಹೊಣೆಯಾದ್ದರಿಂದ ವಾಸದ ಮನೆಗಳ ಮಟ್ಟಿಗೆ ಮೊದಲ ದಿನದ ಪರೀಕ್ಷೆಯೇ ಕೊನೆಯದೂ ಆಗುವುದು ಸಾಮಾನ್ಯ. ಹಿಂದೆ ಕಾರಣವಿಲ್ಲದೆ ಏರಿದ ಬಿಲ್ಲಾದರೂ ಸೋರಿಕೆಯ ಸುಳಿವು ಕೊಡುತ್ತಿತ್ತು. ತಿಂಗಳಿಗೆ 200 ಯೂನಿಟ್ ಮಿತಿಯ ಗೃಹಜ್ಯೋತಿ ಯೋಜನೆ 2023ರಲ್ಲಿ ಜಾರಿಯಾದ ಮೇಲೆ ಶೂನ್ಯ ಬಿಲ್ಲು ಬರುವ ಮನೆಯಲ್ಲಿ ಆ ಸುಳಿವೂ ಮಸುಕಾಗಿದೆ. ಉಪಕರಣಗಳನ್ನೆಲ್ಲ ಆರಿಸಿ, ಪ್ಲಗ್ಗುಗಳನ್ನು ಕಿತ್ತ ಮೇಲೂ ಮೀಟರು ಓಡುತ್ತಿದ್ದರೆ ಎಲ್ಲೋ ಸೋರಿಕೆಯಿದೆ ಎಂಬ ಹಳೆಯ ಪರೀಕ್ಷೆ ಮಾತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ.

ಖಚಿತವಾದ ನಿರ್ಣಯಕ್ಕೆ ಮೆಗ್ಗರ್ ಎಂಬ ಉಪಕರಣ ಬೇಕು. ಅದು 500 ವೋಲ್ಟಿನ ನೇರ ಪ್ರವಾಹವನ್ನು ಹಾಯಿಸಿ ಹೊದಿಕೆ ಎಷ್ಟು ಪ್ರತಿರೋಧ ಉಳಿಸಿಕೊಂಡಿದೆಯೆಂದು ಅಳೆಯುತ್ತದೆ. ಭಾರತೀಯ ಮಾನಕದ ಹಳೆಯ ಸೂತ್ರದಂತೆ 50 ಎಂಬ ಸಂಖ್ಯೆಯನ್ನು ಪಾಯಿಂಟುಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವಷ್ಟು ಮೆಗಾ ಓಮ್ ಇರಬೇಕು, ಇಡೀ ಮನೆಗೆ ಒಂದು ಮೆಗಾ ಓಮ್‌ಗಿಂತ ಹೆಚ್ಚು ಬೇಕಿಲ್ಲ. ನೂರು ಪಾಯಿಂಟಿನ ದೊಡ್ಡ ವಾಡೆಗೆ ಅರ್ಧ ಮೆಗಾ ಓಮ್, ಇಪ್ಪತ್ತು ಪಾಯಿಂಟಿನ ಮನೆಗೆ ಒಂದು ಮೆಗಾ ಓಮ್ ಸಾಕೆಂದಾಯಿತು. ಈ ಅಳತೆಯ ಜೊತೆಗೆ ತಂತಿಯ ಜಾತಿ, ಮೂರನೆಯ ತಂತಿಯ ಇರವು, ಜೋಡಣೆಗಳ ಸ್ಥಿತಿ, ಈಗಿನ ಹೊರೆ ಇವು ನಾಲ್ಕನ್ನೂ ನೋಡಿದರೆ ತೀರ್ಮಾನ ತಾನಾಗಿ ಮೂಡುತ್ತದೆ. ಸ್ವಿಚ್ಚು ಬೆಚ್ಚಗಾಗುವುದು, ಸಾಕೆಟ್ಟಿನ ಸುತ್ತ ಕಂದು ಕಲೆ, ಮೋಟಾರು ಶುರುವಾದಾಗ ದೀಪ ಮಂಕಾಗುವುದು, ಫ್ರಿಜ್ ಮುಟ್ಟಿದರೆ ಜುಮ್ಮೆನ್ನುವುದು, ಮಳೆಗಾಲದಲ್ಲಿ ಗೋಡೆಯೇ ಕೈಗೆ ಹೊಡೆಯುವುದು ಇವೆಲ್ಲ ಆ ತೀರ್ಮಾನವನ್ನು ಮುಂದೂಡಬಾರದೆನ್ನುವ ಸೂಚನೆಗಳು.

ರಬ್ಬರ್ ಹೊದಿಕೆಯ ತಂತಿ ಮನೆಯ ಯಾವ ಮೂಲೆಯಲ್ಲಿ ಉಳಿದಿದ್ದರೂ, ಅದು ಇಂದು ದೀಪ ಬೆಳಗಿಸುತ್ತಿದ್ದರೂ, ತೆಗೆಯಲೇಬೇಕು. ಅದನ್ನು ದುರಸ್ತಿ ಮಾಡಲು ಬರುವುದಿಲ್ಲ. ಅಲ್ಯೂಮಿನಿಯಂ ತಂತಿ ಬಲ್ಬಿಗಷ್ಟೇ ಇದ್ದು, ತುದಿಗಳು ಗಟ್ಟಿಯಾಗಿದ್ದರೆ ಕೆಲಕಾಲ ತಡೆಯಬಹುದು, ಆದರೆ ಗೀಸರ್, ಮೋಟಾರು, ಎಸಿಗಳ ಕವಲುಗಳಿಗೆ ಅದನ್ನು ನೆಚ್ಚಬಾರದು, ಮತ್ತು ಅದಕ್ಕೆ ತಾಮ್ರವನ್ನು ಬರಿಗೈಯಲ್ಲಿ ಹೊಸೆದು ಟೇಪು ಸುತ್ತಬಾರದು. ಪಿವಿಸಿ ಹೊದಿಕೆಯ ತಾಮ್ರದ ತಂತಿ ಮೆಗ್ಗರ್ ಪರೀಕ್ಷೆಯಲ್ಲಿ ಗೆದ್ದರೆ ಹಳತೆಂಬ ಒಂದೇ ಕಾರಣಕ್ಕೆ ಕೀಳುವ ಅಗತ್ಯವಿಲ್ಲ. ಭಾರದ ಉಪಕರಣಗಳಿಗೆ ಹೊಸ ಕವಲು, ಕಿಟ್‌ಕ್ಯಾಟ್ ಜಾಗಕ್ಕೆ ಹೊರೆ ಮೀರಿದಾಗ ತಾನಾಗಿ ಸಂಪರ್ಕ ಕಡಿಯುವ ಎಂಸಿಬಿ, ಒಳ್ಳೆಯ ಅರ್ಥಿಂಗ್, ಜೊತೆಗೆ 30 ಮಿಲಿಆಂಪಿಯರ್ ಸೋರಿಕೆಯಾದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಸೇರಿಸಿದರೆ ಸಾಕಾಗುತ್ತದೆ. ಬೀದರ್ ಚಾರಿತ್ರಿಕ ನಗರವೆಂದು 2014ರಲ್ಲಿ ವಿಶ್ವ ಸ್ಮಾರಕ ನಿಧಿಯ ಗಮನಪಟ್ಟಿಗೆ ಸೇರಿತ್ತು. ಅಂಥ ಪೇಟೆಯ ಮಣ್ಣುಗಾರೆಯ ಗೋಡೆಗಳನ್ನು ತಂತಿಗಾಗಿ ಕೊರೆಯುವುದಕ್ಕಿಂತ ಹಿಂದಿನವರಂತೆ ಗೋಡೆಯ ಮೇಲೆಯೇ, ಪಿವಿಸಿ ಕೊಳವೆಯಲ್ಲಿ, ತಂತಿ ಸಾಗಿಸುವುದು ಗೋಡೆಗೂ ಒಳ್ಳೆಯದು, ಮುಂದೆ ಪರೀಕ್ಷಿಸುವವನಿಗೂ ಅನುಕೂಲ. ಹೊಸ ತಂತಿ ಎಳೆದ ದಿನವೇ ಹಳೆಯದನ್ನು ಮೀಟರಿನ ಬಳಿಯಿಂದ ಪೂರ್ತಿಯಾಗಿ ಬೇರ್ಪಡಿಸಿ ತೆಗೆಯಬೇಕು, ಏಕೆಂದರೆ ಈ ಮನೆಗಳ ತಂತಿಯ ಇತಿಹಾಸದಲ್ಲಿ ಇಷ್ಟು ಕಾಲ ನಡೆಯದೆ ಉಳಿದ ಕೆಲಸ ಅದೊಂದೇ.